ಆರೋಗ್ಯ ಅಂಕಣ: ಒಂದು ಲೋಟ ನೀರು, ಒಂದು ಆಸರೆಯ ಕೈ



ಮಕ್ಕಳು ಕೆಲಸಕ್ಕೆಂದು ಹೊಸೂರು, ಬೆಂಗಳೂರು ಸೇರಿದ ಮೇಲೆ ಸೇಲಂ, ಧರ್ಮಪುರಿ ಕಡೆಯ ನಮ್ಮ ಕೆಲವು ಹಿರಿಯರು ವೃದ್ಧಾಶ್ರಮ ಸೇರುತ್ತಾರೆ. ಭಾನುವಾರ ಪೂಜೆ ಮುಗಿಸಿ ನೋಡಲು ಹೋದಾಗ, "ಅಮ್ಮನ ಮೂತ್ರ ವಾಸನೆ ಬರುತ್ತಿದೆ, ಸೋಂಕಿರಬೇಕು, ಮಾತ್ರೆ ಕೊಡಿಸಿ" ಎಂಬ ಮಾತು ಕೇಳುವುದುಂಟು. ಆತುರಪಡಬೇಡಿ.

ಮೂತ್ರದಲ್ಲಿ ರೋಗಾಣು ಕಂಡ ಮಾತ್ರಕ್ಕೆ ಕಾಯಿಲೆಯಲ್ಲ. ಆರೈಕೆ ಕೇಂದ್ರಗಳಲ್ಲಿರುವ ವೃದ್ಧೆಯರಲ್ಲಿ ನೂರಕ್ಕೆ 25ರಿಂದ 50, ವೃದ್ಧರಲ್ಲಿ 15ರಿಂದ 40 ಮಂದಿಗೆ ಯಾವ ತೊಂದರೆಯೂ ಇಲ್ಲದೆ ರೋಗಾಣು ಇರುತ್ತದೆಂದು ಅಧ್ಯಯನಗಳು ತಿಳಿಸಿವೆ. ಬಹುಕಾಲ ಮೂತ್ರದ ನಳಿಕೆ ಹಾಕಿದವರಲ್ಲಂತೂ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಇದಕ್ಕೆ ಆಂಟಿಬಯೋಟಿಕ್ ಕೊಟ್ಟರೆ ಲಾಭವಿಲ್ಲ. ಭೇದಿಯಾಗಬಹುದು, ಮುಂದೆ ನಿಜವಾದ ಸೋಂಕು ಬಂದಾಗ ಔಷಧಿ ನಾಟದೆ ಹೋಗಬಹುದು.

ಹಾಗಾದರೆ ನಿಜವಾದ ಸೋಂಕಿನ ಗುರುತೇನು? ಮೂತ್ರ ಮಾಡುವಾಗ ಹೊಸದಾಗಿ ಉರಿ, ಮತ್ತೆಮತ್ತೆ ಅವಸರ, ಕಿಬ್ಬೊಟ್ಟೆಯ ನೋವು, ಮೂತ್ರದಲ್ಲಿ ರಕ್ತ. ಚಳಿಜ್ವರ, ಪಕ್ಕೆ ನೋವು, ಮೂತ್ರ ಕಟ್ಟಿಕೊಳ್ಳುವುದು ಇದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಜ್ಜಿ ಒಮ್ಮೆಲೇ ತಡವರಿಸಿ ಏನೇನೋ ಮಾತಾಡಿದರೆ ವೈದ್ಯರಿಗೆ ತೋರಿಸಲೇಬೇಕು. ಆದರೆ ಅದಕ್ಕೆ ಮೂತ್ರವೊಂದೇ ಕಾರಣವೆಂದು ತೀರ್ಮಾನಿಸಬೇಡಿ. ನೀರು ಸಾಲದಿರುವುದು, ಮಲಬದ್ಧತೆ, ಹೊಸ ಔಷಧಿ, ಎದೆಯ ಸೋಂಕು, ಸಕ್ಕರೆ ಏರುಪೇರು ಸಹ ಕಾರಣವಾಗಬಹುದು.

ನಮ್ಮ ಹಿರಿಯರಲ್ಲಿ ಒಂದು ಗುಟ್ಟಿದೆ. ಪದೇಪದೇ ಶೌಚಕ್ಕೆ ಕರೆದರೆ ನೋಡಿಕೊಳ್ಳುವವರು ಬೇಸರಪಟ್ಟಾರೆಂದು ನಾಚಿ, ನೀರನ್ನೇ ಕುಡಿಯುವುದಿಲ್ಲ! ಈ ಜಿಲ್ಲೆಗಳ ಬೇಸಿಗೆಯಲ್ಲಿ ಇದು ಅಪಾಯ. ಬಾಯಾರಿಕೆಯೂ ವಯಸ್ಸಿನೊಡನೆ ಕುಂದುತ್ತದೆ. ಆದ್ದರಿಂದ ಕೇಳುವವರೆಗೆ ಕಾಯದೆ ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ನೀರು, ಮಜ್ಜಿಗೆ, ಗಂಜಿ ಕೊಡಿ. ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ವೈದ್ಯರು ಹೇಳಿದಷ್ಟೇ. ಧರ್ಮಪುರಿಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಎಲುಬಿಗೆ ಕೆಡುಕು. 2013ರಲ್ಲಿ ಆರಂಭವಾದ ಹೊಗೇನಕಲ್ ಯೋಜನೆಯ ನೀರು ಸಿಗುವಲ್ಲಿ ಕುಡಿಯಲು ಅದನ್ನೇ ಕೊಡಿ.

ಹೊತ್ತುಹೊತ್ತಿಗೆ ಕೈಹಿಡಿದು ಶೌಚಕ್ಕೆ ಕರೆದೊಯ್ಯಿರಿ. ಒದ್ದೆ ಬಟ್ಟೆ ಕೂಡಲೇ ಬದಲಿಸಿ. ಹೆಂಗಸರನ್ನು ಮುಂದಿನಿಂದ ಹಿಂದಕ್ಕೆ ಒರೆಸಿ. ನಳಿಕೆಯ ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ನಳಿಕೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ಬಾಯಾರಿದವರಿಗೆ ನೀರು ಕೊಡುವುದು, ರೋಗಿಗಳನ್ನು ಸಂದರ್ಶಿಸುವುದು ಎರಡೂ ದಯಾಕಾರ್ಯಗಳೆಂದು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಮುಂದಿನ ಭಾನುವಾರ ಹಣ್ಣಿನ ಚೀಲ ಕೆಳಗಿಟ್ಟು ಮೊದಲು ಒಂದು ಲೋಟ ನೀರು ಕುಡಿಸಿ. "ಅಮ್ಮಾ, ಬಚ್ಚಲಿಗೆ ಹೋಗಬೇಕಾ?" ಎಂದು ನಾವೇ ಕೇಳೋಣ. ಆಕೆಯ ನಾಚಿಕೆ ಅರ್ಧ ಕಳೆಯುತ್ತದೆ.