ಕೆಟ್ಟಂತೆ ನಟಿಸುವ ಡಿಸ್ಕು

ಮಾನ್ವಿಯ ತಹಸೀಲ್ ಕಚೇರಿಯ ಕಿಟಕಿಯೆದುರು ಮುದುಕಿಯೊಬ್ಬಳು ನಿಂತಿರುವಳೆಂದು ಭಾವಿಸೋಣ. ಗಂಡ ತೀರಿಕೊಂಡಿದ್ದಾನೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಎರಡೆಕರೆ ಗದ್ದೆ ಅವಳ ಹೆಸರಿಗೆ ಬರಬೇಕು. “ಹೆಸರು ಬಂದೈತೇನಪ್ಪಾ?” “ಬಂದೈತಮ್ಮಾ” ಎನ್ನುತ್ತಾನೆ ಗುಮಾಸ್ತ, ಗಣಕದ ತೆರೆಯನ್ನು ನೋಡಿ. ಅವನೇನೋ ಸತ್ಯವನ್ನೇ ನುಡಿದ. ಗಣಕವು ಅವನಿಗೆ ಸತ್ಯವನ್ನು ನುಡಿಯಿತೇ?

ಕರ್ನಾಟಕದ ಪಹಣಿಗಳು ಗಣಕವನ್ನು ಸೇರಿದುದು 2000ದ ಆಸುಪಾಸಿನ ‘ಭೂಮಿ’ ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು. ಅದಕ್ಕೆ ಮೊದಲು ದೇವದುರ್ಗದ ಹಳ್ಳಿಯ ದಾಖಲೆ ಕೈಬರಹದ ಪುಸ್ತಕವಾಗಿ ಗ್ರಾಮಲೆಕ್ಕಿಗನ ವಶದಲ್ಲಿರುತ್ತಿತ್ತು. ಗೆದ್ದಲು ತಿಂದರೆ ತೂತು ಕಾಣುತ್ತಿತ್ತು, ಅಕ್ಷರ ಕೆರೆದರೆ ಕಲೆ ಉಳಿಯುತ್ತಿತ್ತು. ಡಿಸ್ಕಿನ ಗಾಯ ಹಾಗೆ ಕಣ್ಣಿಗೆ ಬೀಳದು.

ಗುಮಾಸ್ತನು ಒತ್ತಿದ ಅಕ್ಷರ ನೇರವಾಗಿ ಡಿಸ್ಕನ್ನು ಮುಟ್ಟುವುದಿಲ್ಲ. ಮೇಲೆ ಮಾಹಿತಿಯ ಭಂಡಾರ, ಅದರಡಿ ಫೈಲುಗಳ ವ್ಯವಸ್ಥೆ, ಅದರಡಿ ಡಿಸ್ಕನ್ನು ನಡೆಸುವ ತಂತ್ರಾಂಶ. ಹೀಗೆ ಅಂತಸ್ತಿನಿಂದ ಅಂತಸ್ತಿಗೆ ಇಳಿಯುತ್ತದೆ. ತಳದಲ್ಲಿ ಡಿಸ್ಕು “ಬರೆಯಲಾಗಲಿಲ್ಲ” ಎಂದರೆ ಆ ಮಾತು ಅದೇ ಮೆಟ್ಟಿಲುಗಳನ್ನೇರಿ ಮೇಲೆ ಬರಬೇಕು. ನಡುವಿನವರಾರಾದರೂ ಅದನ್ನು ನುಂಗಿಕೊಂಡರೆ ಮುದುಕಿಯ ಹೆಸರು ಹೋದಂತೆಯೇ.

ಇದನ್ನು ಪರೀಕ್ಷಿಸುವುದೆಂತು? ಡಿಸ್ಕು ತಾನಾಗಿ ಕೆಡಲೆಂದು ವರ್ಷಗಟ್ಟಲೆ ಕಾಯಲಾಗದು. ಸುತ್ತಿಗೆಯಿಂದ ಬಡಿದರೆ ಬೇಕಾದ ಕಡೆ, ಬೇಕಾದ ಗಳಿಗೆಯಲ್ಲಿ ಕೆಡದು. ಆದುದರಿಂದ ಫೈಲು ವ್ಯವಸ್ಥೆಗೂ ಡಿಸ್ಕಿಗೂ ನಡುವೆ ಒಬ್ಬ ನಟನನ್ನು ಕೂರಿಸುತ್ತಾರೆ. ಲಿನಕ್ಸಿಗೆ 2011ರಲ್ಲಿ ಸೇರಿದ ‘ಡಿಎಂ-ಫ್ಲೇಕಿ’ ಅಂಥದು. “ಒಂದು ನಿಮಿಷ ನೆಟ್ಟಗಿರು, ಹತ್ತು ಸೆಕೆಂಡು ಕೆಡು” ಎಂದರೆ ಹಾಗೆಯೇ ನಡೆದುಕೊಳ್ಳುತ್ತದೆ. ಬರೆಯಲು ಕೊಟ್ಟುದನ್ನು ಸದ್ದಿಲ್ಲದೆ ಎಸೆದು “ಬರೆದೆ” ಎನ್ನುವ ವಿದ್ಯೆಯೂ ಅದಕ್ಕೆ ಗೊತ್ತು. ಥಟ್ಟನೆ ಕರೆಂಟು ಹೋದಾಗಿನ ಅವಸ್ಥೆಯನ್ನು ಅನುಕರಿಸಲು ಇದು ಬೇಕಾಗುತ್ತದೆ. (ಶಕ್ತಿನಗರದ ಉಷ್ಣಸ್ಥಾವರದ ನೆರೆಯಲ್ಲಿರುವ ರಾಯಚೂರಿನವರಿಗೂ ಆ ಅವಸ್ಥೆ ಅಪರಿಚಿತವಲ್ಲ.) 2019ರ ‘ಡಿಎಂ-ಡಸ್ಟ್’ ಇನ್ನೂ ನಾಜೂಕು: ಗೊತ್ತುಮಾಡಿದ ತುಣುಕುಗಳಷ್ಟೇ ಓದಲು ಬಾರವು, ಮೇಲೆ ಹೊಸದಾಗಿ ಬರೆದೊಡನೆ ಗುಣವಾಗುತ್ತವೆ. ನಿಜವಾದ ಡಿಸ್ಕುಗಳ ಚಾಳಿಯೂ ಬಹುಮಟ್ಟಿಗೆ ಇದೇ.

ಇಂಥ ಪರೀಕ್ಷೆಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿಯೇ ಪ್ರಕಟಿಸಿದ್ದರು. ಆಗ ಬಹುಬಳಕೆಯಲ್ಲಿದ್ದ ‘ಇಎಕ್ಸ್‌ಟಿ3’ ಬರೆಯುವಾಗಿನ ಎಷ್ಟೋ ತಪ್ಪುಗಳನ್ನು ಕಿವಿಗೆ ಹಾಕಿಕೊಳ್ಳದೆ ಮುಂದುವರಿಯುತ್ತಿತ್ತು. ‘ರೈಸರ್‌ಎಫ್‌ಎಸ್’ ಬರೆಹ ವಿಫಲವಾದೊಡನೆ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ಎರಡನೆಯದು ಒರಟುತನವೆನಿಸಬಹುದು; ಜಮೀನಿನ ದಾಖಲೆಗೆ ಆ ಒರಟುತನವೇ ಮೇಲು.

2018ರಲ್ಲಿ ‘ಪೋಸ್ಟ್‌ಗ್ರೆಸ್’ ಎಂಬ ಪ್ರಸಿದ್ಧ ಮಾಹಿತಿಭಂಡಾರದವರಿಗೆ ತಿಳಿದುಬಂದ ಸಂಗತಿ ಇನ್ನೂ ವಿಚಿತ್ರ. ಡಿಸ್ಕಿಗಿಳಿಸುವ ಆಜ್ಞೆ ಒಮ್ಮೆ ವಿಫಲವಾದರೆ ಅವರದು ಎರಡನೆಯ ಬಾರಿ ಕೇಳುತ್ತಿತ್ತು. ಲಿನಕ್ಸಾದರೋ ವಿಫಲವಾದ ಪುಟಕ್ಕೂ ‘ಬರೆದಾಗಿದೆ’ ಎಂದು ಗುರುತು ಹಾಕಿರುತ್ತಿತ್ತು. ಎರಡನೆಯ ಸಲ “ಎಲ್ಲ ಸರಿ” ಎಂಬ ಉತ್ತರ! 2019ರಲ್ಲಿ ಇದನ್ನು ತಿದ್ದಿದರು: ಈಗ ಮೊದಲ ವೈಫಲ್ಯಕ್ಕೇ ಕೆಲಸ ನಿಲ್ಲಿಸಿ, ತನ್ನ ದಿನಚರಿಯನ್ನು ಓದಿ ಮತ್ತೆ ಕಟ್ಟಿಕೊಳ್ಳುತ್ತದೆ.

ರಾಯಚೂರಿನ ಕಾಲೇಜು ಹುಡುಗನೂ ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಬೇರೆ ಡಿಸ್ಕು ಬೇಡ. ಒಂದು ಫೈಲನ್ನೇ ಡಿಸ್ಕೆಂದು ಲಿನಕ್ಸನ್ನು ನಂಬಿಸಿ, ಮೇಲೆ ನಟನನ್ನು ಕೂರಿಸಿದರಾಯಿತು. ನೂರು ಹೆಸರು ಬರೆಯಲಿ, ನಡುನಡುವೆ ತಪ್ಪು ಹುಟ್ಟಿಸಲಿ. ಬಳಿಕ ಎಣಿಸಬೇಕಾದುದು ಎಷ್ಟು ಕಳೆದವೆಂಬುದನ್ನಲ್ಲ. “ಬಂದೈತಮ್ಮಾ” ಎನಿಸಿಕೊಂಡೂ ಕಳೆದವು ಎಷ್ಟೆಂಬುದನ್ನು.