ಯಾಕೆ ಎಂದು ಕೇಳದ ಸಲಹೆಗಾರ

ಅಹಮದಾಬಾದಿನ ವಟ್ವಾ ಜಿಐಡಿಸಿಯಲ್ಲಿ ಬಣ್ಣ, ರಾಸಾಯನಿಕದ ಕಾರ್ಖಾನೆಗಳು ಪಾಳಿಯಲ್ಲಿ ನಡೆಯುತ್ತವೆ. ರಾತ್ರಿ ಪಾಳಿಯ ಸಕ್ಕರೆ ಕಾಯಿಲೆಯವನಿಗೆ ಊಟದ ಹೊತ್ತೇ ತಲೆಕೆಳಗು. ಅರ್ಧ ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಂತರೂ ಹೆಚ್ಚಾಗಿ ಸಿಗುವುದು 'ಪಥ್ಯ ಮಾಡಿ' ಎಂಬ ಎರಡು ಮಾತು. ದಾಲ್‌ಗೂ ಬೆಲ್ಲ ಹಾಕುವ ಊರಿನಲ್ಲಿ ಏನು ಬಿಡಬೇಕು, ಏನು ತಿನ್ನಬೇಕು? ಅದನ್ನವನು ಮೊಬೈಲಿನ ಚಾಟ್‌ಬಾಟ್‌ಗೆ ಕೇಳಿದರೆ ತಪ್ಪು ಅವನದಲ್ಲ. ಅದು ಗದರುವುದಿಲ್ಲ, ಬೇಸರಿಸುವುದಿಲ್ಲ, ಕನ್ನಡದಲ್ಲೂ ಉತ್ತರಿಸುತ್ತದೆ.

ಉತ್ತರಿಸುವುದೇ ಅದರ ರೋಗ. 2025ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಪ್ರಕರಣ ನೋಡಿ. 60 ವರ್ಷದ ಒಬ್ಬರು ಅಡುಗೆ ಉಪ್ಪಿನ ಕ್ಲೋರೈಡ್ ಬಿಡಲು ಹೊರಟು, ಚಾಟ್‌ಜಿಪಿಟಿಯನ್ನು ಕೇಳಿದ ಮೇಲೆ, ಸೋಡಿಯಂ ಬ್ರೋಮೈಡ್ ತರಿಸಿಕೊಂಡು 3 ತಿಂಗಳು ಉಪ್ಪಿನ ಬದಲು ತಿಂದರು. ಪಕ್ಕದ ಮನೆಯವರು ವಿಷ ಹಾಕುತ್ತಿದ್ದಾರೆ ಎನ್ನುತ್ತಾ ಆಸ್ಪತ್ರೆಗೆ ಬಂದವರು ಮೂರು ವಾರ ಅಲ್ಲೇ ಉಳಿದರು. ಅವರ ಸಂಭಾಷಣೆ ವೈದ್ಯರಿಗೆ ಸಿಗಲಿಲ್ಲ. ತಾವೇ ಕೇಳಿ ನೋಡಿದಾಗಲೂ ಬ್ರೋಮೈಡಿನ ಹೆಸರು ಬಂತು. ಸಂದರ್ಭ ಮುಖ್ಯ ಎಂದಿತು ಯಂತ್ರ. ಯಾಕೆ ಕೇಳುತ್ತಿದ್ದೀರಿ ಎಂದು ಮಾತ್ರ ಕೇಳಲಿಲ್ಲ.

ನಮ್ಮ ಅಡುಗೆಮನೆಗೆ ಬ್ರೋಮೈಡ್ ಬರಲಿಕ್ಕಿಲ್ಲ, ಸರಿ. ಆದರೆ 'ಲೋ ಸೋಡಿಯಂ' ಉಪ್ಪು ಬಂದಾಗಿದೆ. ಅದರಲ್ಲಿ ಸಾಮಾನ್ಯವಾಗಿ ಸೋಡಿಯಂನ ಒಂದು ಪಾಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬದಲಿ. ಬಿ.ಪಿ. ಇಳಿಸಲು ಒಳ್ಳೆಯದೇ. ಕಿಡ್ನಿ ಸೋತವರ ದೇಹವಾದರೋ ಪೊಟ್ಯಾಸಿಯಂ ಸರಿಯಾಗಿ ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಎದೆಬಡಿತವೇ ತಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಉಪ್ಪನ್ನು ಶಿಫಾರಸು ಮಾಡಿದಾಗ ಕಿಡ್ನಿ ತೊಂದರೆಯವರನ್ನು ಹೊರಗಿಟ್ಟಿದ್ದು ಇದಕ್ಕೇ. ಮತ್ತೆ, ಕಿಡ್ನಿ ಸದ್ದಿಲ್ಲದೆ ಸೋಲುವುದು ಹೆಚ್ಚಾಗಿ ಸಕ್ಕರೆ, ಬಿ.ಪಿ. ಇದ್ದವರಲ್ಲೇ. 'ಬಿ.ಪಿ.ಗೆ ಯಾವ ಉಪ್ಪು ಒಳ್ಳೆಯದು' ಎಂದು ಕೇಳುವವನು ತನ್ನ ಕ್ರಿಯಾಟಿನಿನ್ ಎಷ್ಟೆಂದು ತಾನಾಗಿ ಹೇಳುವುದಿಲ್ಲ. ಹೇಳಬೇಕೆಂದು ಗೊತ್ತಿದ್ದರೆ ಅರ್ಧ ಉತ್ತರ ಅವನಿಗೇ ಗೊತ್ತಿತ್ತು.

ಕಂಪನಿಗಳು ಇದಕ್ಕೆ ಕೊಡುವ ಸಮಜಾಯಿಷಿ, ಕೆಳಗೆ ಸಣ್ಣ ಅಕ್ಷರದಲ್ಲಿ 'ವೈದ್ಯರನ್ನು ಸಂಪರ್ಕಿಸಿ'. ವೈದ್ಯರು ಕೈಗೆ ಸಿಕ್ಕಿದ್ದರೆ ಅವನು ಇಲ್ಲಿಗೆ ಯಾಕೆ ಬರುತ್ತಿದ್ದ? ಊಟದ ಪಟ್ಟಿ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳುವಂತೆ ಯಂತ್ರವನ್ನು ಪಳಗಿಸುವುದು ಅಸಾಧ್ಯವೇನಲ್ಲ. ಥಟ್ಟನೆ ಬರುವ ಉತ್ತರಕ್ಕೆ ಗಿರಾಕಿ ಹೆಚ್ಚು, ಅಷ್ಟೆ.

ಯಂತ್ರವನ್ನಷ್ಟೇ ಬೈದು ಕೈತೊಳೆದುಕೊಳ್ಳುವವರೂ ಇದ್ದಾರೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ಕಾರ್ಮಿಕನಿಂದ ಶೇ. 0.75, ಮಾಲೀಕನಿಂದ ಶೇ. 3.25 ಇಎಸ್‌ಐಗೆ ಹೋಗುತ್ತದೆ. ಆ ದುಡ್ಡಿನಲ್ಲಿ ಪ್ರತಿ ಚಿಕಿತ್ಸಾಲಯದಲ್ಲೂ ಒಬ್ಬ ಆಹಾರತಜ್ಞರನ್ನು ಕೂರಿಸಲಿ. ರಾತ್ರಿ ಎಷ್ಟು ಗಂಟೆಗೆ ಉಣ್ಣುತ್ತೀರಿ, ಅಡುಗೆ ಯಾರು ಮಾಡುತ್ತಾರೆ, ಮನೆಯಲ್ಲಿರುವುದು ಯಾವ ಉಪ್ಪು ಎಂದು ಅವರು ಕೇಳಲಿ.