ಹಿಂದಿನ ಚಕ್ರದ ದಾರಿಯೇ ಬೇರೆ

ಕಳೆದ ತಿಂಗಳು ಸಂತೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಹತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನ ಕಾಯಂ ಸದಸ್ಯ. ಮುಖ ಬಾಡಿತ್ತು. "ಹೆವಿ ಲೈಸೆನ್ಸ್ ಟೆಸ್ಟಿನಲ್ಲಿ ಫೇಲಾದೆ ಸಾರ್" ಎಂದ. ಎಡಕ್ಕೆ ತಿರುಗುವಾಗ ಲಾರಿಯ ಮುಂಭಾಗ ಸಲೀಸಾಗಿ ಹೋಯಿತಂತೆ. ಹಿಂದಿನ ಚಕ್ರ ಮಾತ್ರ ಮೂಲೆಯ ಕಂಬವನ್ನು ಕೆಡವಿ ಅದರ ಮೇಲೇ ಹತ್ತಿತಂತೆ. "ಕಾರು ತಿರುಗಿಸಿದ ಹಾಗೇ ತಿರುಗಿಸಿದೆ ಸಾರ್!"

ತಪ್ಪಾದದ್ದೇ ಅಲ್ಲಿ. ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿ, ಚೀಟಿಯ ಹಿಂದೆ ಒಂದು ಲಂಬಕೋನ ತ್ರಿಭುಜ ಬರೆದೆ. "ಅಯ್ಯೋ, ಪೈಥಾಗೊರಸ್ಸಾ?" ಎಂದು ಹಿಂದಿನಂತೆಯೇ ಮುಖ ಸಿಂಡರಿಸಿದ.

ಪೈಥಾಗೊರಸ್ಸೇ. ವಾಹನ ವೃತ್ತಾಕಾರವಾಗಿ ತಿರುಗುವಾಗ ಆ ವೃತ್ತದ ಕೇಂದ್ರ ಹಿಂದಿನ ಅಚ್ಚಿನ ಗೆರೆಯಲ್ಲೇ ಇರುತ್ತದೆ; ಏಕೆಂದರೆ ಹಿಂದಿನ ಚಕ್ರ ಅತ್ತಿತ್ತ ಹೊರಳುವುದಿಲ್ಲ. ಕೇಂದ್ರದಿಂದ ಮುಂದಿನ ಎಡಚಕ್ರಕ್ಕೆ ಎಳೆದ ಗೆರೆ ವಿಕರ್ಣ. ಹಿಂದಿನ ಎಡಚಕ್ರಕ್ಕೆ ಎಳೆದದ್ದು ಒಂದು ಭುಜ. ಎರಡು ಚಕ್ರಗಳ ನಡುವಿನ ಅಂತರ ಇನ್ನೊಂದು ಭುಜ. ಉದ್ದನೆಯ ಲಾರಿಯೊಂದರಲ್ಲಿ ಈ ಅಂತರ 6 ಮೀಟರ್ ಎನ್ನಿ. ಮುಂದಿನ ಚಕ್ರ 10 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಹಿಂದಿನದು 8 ಮೀಟರಿನಲ್ಲಿ ಸುತ್ತುತ್ತದೆ. ಪೂರಾ 2 ಮೀಟರ್ ಒಳಗೆ! ಕಾರಿನಲ್ಲಿ ಆ ಅಂತರ 2.4 ಮೀಟರ್ ಇದ್ದರೆ, ಅದೇ ತಿರುವಿನಲ್ಲಿ ಹಿಂಚಕ್ರ ಒಳಸರಿಯುವುದು ಸುಮಾರು 30 ಸೆಂಟಿಮೀಟರ್ ಅಷ್ಟೆ. (ಇದು ಪೂರ್ತಿ ಸುತ್ತಿನ ಲೆಕ್ಕ. ಬೀದಿಯ ಮೂಲೆಯಲ್ಲಿ ಕಾಲು ಸುತ್ತೇ ಆದ್ದರಿಂದ ಸ್ವಲ್ಪ ಕಡಿಮೆ.)

ಈ ಸಮಸ್ಯೆ ಲಾರಿಗಿಂತ ಹಳೆಯದು. ಕುದುರೆ ಸಾರೋಟಿನ ಮುಂದಿನ ಎರಡೂ ಚಕ್ರಗಳು ಸರಿಯಾಗಿ ಹೊರಳುವಂತೆ ಮ್ಯೂನಿಕ್‌ನ ಲಾಂಕೆನ್‌ಸ್ಪರ್ಗರ್ ಎಂಬ ಸಾರೋಟು ತಯಾರಕ ಒಂದು ಏರ್ಪಾಟು ಮಾಡಿದ. 1818ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್‌ನದೇ, ಲೋಕ ಹಾಗೆಯೇ.

ಇನ್ನು ಕೈಗೆ ಬರೋಣ. ಚೀಟಿಯ ಲೆಕ್ಕ ಸ್ಟೇರಿಂಗಿಗೆ ಇಳಿಯುವುದು ಹೀಗೆ: ಎಡತಿರುವಿನಲ್ಲಿ ಎಡಬದಿಗೆ ಜಾಗ ಬಿಟ್ಟುಕೊಂಡು, ನಿಧಾನ ಮಾಡಿ, ಕಾರಿನಲ್ಲಿ ತಿರುಗಿಸುತ್ತಿದ್ದ ಜಾಗವನ್ನು ದಾಟಿ ನೇರ ಮುಂದೆ ಹೋಗಬೇಕು. ಚಪ್ಪಟೆ ಮೂತಿಯ ಲಾರಿಯಲ್ಲಿ ಚಾಲಕ ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೇ ಕೂತಿರುತ್ತಾನೆ. ಆದ್ದರಿಂದ ತಾನು ಮೂಲೆಯನ್ನು ದಾಟಿದ ಮೇಲೆಯೇ ತಿರುಗಿಸಲು ಶುರುಮಾಡಬೇಕು. ಆಗಿನಿಂದ ಕಣ್ಣು ಪದೇ ಪದೇ ಎಡಗನ್ನಡಿಗೆ, ಅದರಲ್ಲಿ ಕಾಣುವ ಹಿಂಚಕ್ರಕ್ಕೆ ಹೋಗಬೇಕು.

ಕೈಗಳನ್ನು ಒಂದರ ಮೇಲೊಂದು ಹೆಣೆಯಬಾರದು. ಒಂದು ಕೈ ಎಳೆದರೆ ಇನ್ನೊಂದು ಜಾರಿ ಬಂದು ಹಿಡಿದು ತಳ್ಳಬೇಕು. ಹಗ್ಗ ಸೇದುವವರ ಹಾಗೆ. ಹೆಬ್ಬೆರಳನ್ನು ಚಕ್ರದ ಒಳಗೆ ಸಿಕ್ಕಿಸಬೇಡಿ, ಅಂಚಿನ ಮೇಲಿರಲಿ. ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಲಾರಿಯಲ್ಲಿ ಮುಂಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಹಿಮ್ಮೆಟ್ಟಿ ಹೊಡೆಯುತ್ತದೆ, ಬೆರಳು ಮುರಿದೀತು. ನಿಂತ ಲಾರಿಯಲ್ಲಿ ತಿರುಗಿಸುವುದೂ ಬೇಡ. ಟಯರು ನೆಲಕ್ಕೆ ಉಜ್ಜಿ ಸವೆಯುತ್ತದೆ, ತೋಳೂ ಸೋಲುತ್ತದೆ. ಒಂದಿಷ್ಟು ಉರುಳುತ್ತಿದ್ದರೆ ಅದೇ ಕೆಲಸ ಹಗುರ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದು ಟೆಸ್ಟಿನದು. ಮೂಲೆಗಳಲ್ಲಿ ಸರಿಯಾಗಿ ತಿರುಗುವುದರ ಜೊತೆಗೆ, ಹಿಂದಕ್ಕೆ ನಡೆಸುತ್ತಾ ಕಿರಿದಾದ ಜಾಗಕ್ಕೆ ಹೊಗಿಸುವುದೂ ಅದರಲ್ಲಿದೆ. ರಿವರ್ಸಿನಲ್ಲಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಲಾರಿಯ ಬಾಲ ಎಡಕ್ಕೇ ಹೋಗುತ್ತದೆ, ಮೂತಿ ಬಲಕ್ಕೆ ಬೀಸುತ್ತದೆ. ಕಲಿಯುವವರು ಬಾಲವನ್ನೇ ನೋಡುತ್ತಾ ಮೂತಿಯನ್ನು ಮರೆತುಬಿಡುತ್ತಾರೆ. ಆಮೆಯ ವೇಗ, ಸ್ವಲ್ಪಸ್ವಲ್ಪವೇ ತಿದ್ದುಪಡಿ; ಬೇರೆ ಉಪಾಯವಿಲ್ಲ.

"ಲಾರಿ ಓಡಿಸಲಿಕ್ಕೂ ಓದಬೇಕೇ ಮೇಷ್ಟ್ರೇ?" ಎಂದು ಆ ಹುಡುಗನ ತಂದೆ ಆಮೇಲೊಮ್ಮೆ ಕೇಳಿದರು. ಮಗ ಡ್ರೈವರ್ ಆಗುವುದು ಅವರಿಗೆ ಅವಮಾನ. ನನಗೆ ಹಾಗನ್ನಿಸುವುದಿಲ್ಲ. ಸರಕು ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಅದಕ್ಕೂ ಮೊದಲು ಲಘು ವಾಹನದ ಲೈಸೆನ್ಸ್ ಒಂದು ವರ್ಷವಾದರೂ ಕೈಯಲ್ಲಿರಬೇಕು ಎಂದು ಕಾನೂನು ಸುಮ್ಮನೆ ಹೇಳಿಲ್ಲ.

ಕೆಡವಿದ್ದು ಕಂಬವಾದ್ದರಿಂದ ಅವನು ಬರೀ ಫೇಲಾದ. ಆ ಮೂಲೆಯಲ್ಲಿ ಸೈಕಲ್ ಹಿಡಿದ ಮಗು ನಿಂತಿದ್ದರೆ? ಮುಂದಿನ ಚಕ್ರ ದಾಟಿತಲ್ಲ, ಇನ್ನು ಭಯವಿಲ್ಲ ಎಂದು ನಮ್ಮ ಮಕ್ಕಳು ನಂಬಿಬಿಡುತ್ತಾರೆ. ಅಪಾಯ ಆಗಲೇ ಅವರ ಕಡೆಗೆ ಸರಿಯುತ್ತಿರುತ್ತದೆ. ಎಡಕ್ಕೆ ಸಿಗ್ನಲ್ ಹಾಕಿದ ಲಾರಿ ಬಸ್ಸುಗಳು ಬಲಕ್ಕೆ ಸರಿದು ಎಡಗಡೆ ಜಾಗ ಬಿಟ್ಟಂತೆ ಕಂಡರೆ, ಅದು ನಿಮಗೆ ಬಿಟ್ಟ ಜಾಗವಲ್ಲ, ಹಿಂಚಕ್ರಕ್ಕೆ ಬಿಟ್ಟದ್ದು. ಅಲ್ಲಿಗೆ ಸೈಕಲ್ ನುಗ್ಗಿಸಬೇಡಿ, ಹಿಂದೆಯೇ ನಿಲ್ಲಿ.

ಇದನ್ನು ನಂಬದವರು ಭಾನುವಾರ ಶಾಲೆಯ ಮೈದಾನಕ್ಕೆ ಸೈಕಲ್ ಒಯ್ದು, ಎರಡೂ ಚಕ್ರಗಳನ್ನು ಒದ್ದೆ ಮಾಡಿ, ನಿಧಾನವಾಗಿ ಒಂದು ಸುತ್ತು ಹಾಕಿ. ನೆಲದ ಮೇಲೆ ಒಂದು ಗೆರೆ ಬೀಳುತ್ತದೆಯೋ ಎರಡೋ ನೋಡಿ. ಎರಡಾದರೆ ನಡುವಿನ ಅಂತರವನ್ನು ಟೇಪು ಹಿಡಿದು ಅಳೆಯಿರಿ. ಚಕ್ರಗಳ ನಡುವಿನ ದೂರ 1 ಮೀಟರ್, ಮುಂಚಕ್ರದ ಸುತ್ತಿನ ತ್ರಿಜ್ಯ 2 ಮೀಟರ್ ಇದ್ದರೆ ಎಷ್ಟು ಬರಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡು ಹೋಗಿ.